ತಿಳಿಯುವ ಮೊದಲೇ ಮುಚ್ಚಿಕೊಳ್ಳುವ ನಾಳ

ಬಸಿರಿಯ ಆರೈಕೆಯ ವಿಷಯದಲ್ಲಿ ಕನ್ನಡದ ಮನೆಗಳು ಬಡವಾದವಲ್ಲ. ಬಯಕೆಯ ಊಟ, ಹಸಿರು ಬಳೆ, ಸೀಮಂತ, ಚೊಚ್ಚಲ ಹೆರಿಗೆಗೆ ತವರು, ಬಾಣಂತನದ ಎಣ್ಣೆ, ಅಂಟಿನುಂಡೆ, ಖಾರದ ಪುಡಿ: ಹೀಗೆ ತಿಂಗಳು ತಿಂಗಳಿಗೂ ಒಂದೊಂದು ಶಾಸ್ತ್ರವನ್ನು, ಒಂದೊಂದು ಪಥ್ಯವನ್ನು ನಮ್ಮ ಹಿರಿಯರು ಗೊತ್ತುಮಾಡಿದ್ದಾರೆ. ಆದರೆ ಈ ಎಲ್ಲ ಆರೈಕೆಯೂ ಆರಂಭವಾಗುವುದು ಬಸಿರು ಗೊತ್ತಾದ ಮೇಲೆ. ಮಗುವಿನ ಮಿದುಳು ಮತ್ತು ಬೆನ್ನುಹುರಿಗಳ ಅಡಿಪಾಯವಾದರೋ ಅದು ಗೊತ್ತಾಗುವ ಹೊತ್ತಿಗೆ ಬಹುಪಾಲು ಬಿದ್ದುಹೋಗಿರುತ್ತದೆ. ಆ ಮೊದಲ ನಾಲ್ಕು ವಾರಗಳಿಗೆ ನಮ್ಮಲ್ಲಿ ಶಾಸ್ತ್ರವಿಲ್ಲ, ಪಥ್ಯವಿಲ್ಲ, ನಮ್ಮ ಭಾಷೆಯಲ್ಲಿ ಅವುಗಳ ಕುರಿತ ಮಾತೂ ವಿರಳ. ಈ ಕೊರತೆಯನ್ನು ತುಂಬುವ ಕೆಲಸ ವೈದ್ಯರದಷ್ಟೇ ಎಂದು ಸುಮ್ಮನಿರುವುದು ಸರಿಯಲ್ಲ, ಅದು ಬರೆಯುವವರ ಕೆಲಸವೂ ಹೌದು ಎಂಬುದು ನಮ್ಮ ಅಭಿಪ್ರಾಯ.

ಪುಣೆಯ ವಾಕಡದಲ್ಲಿ ನೆಲೆಸಿರುವ ನಮಗೆ ಈ ಮಾತನ್ನು ಆಡಲು ಕಾರಣವಿದೆ. ಮುಂಬಯಿ–ಬೆಂಗಳೂರು ಹೆದ್ದಾರಿ ಈ ಊರಿನ ಮಗ್ಗುಲಲ್ಲೇ ಹಾದುಹೋಗುತ್ತದೆ. ಪಕ್ಕದಲ್ಲಿ ಹಿಂಜವಡಿಯ ಕಂಪನಿಗಳಿವೆ. ಬೆಳಗಾವಿ, ಧಾರವಾಡ, ಕಲಬುರಗಿ, ಮೈಸೂರುಗಳಿಂದ ಬಂದ ಹೊಸ ದಂಪತಿಗಳು ಇಲ್ಲಿ ಮನೆ ಹೂಡುತ್ತಾರೆ. ಅವರಿರುವ ಎತ್ತರದ ಕಟ್ಟಡಗಳನ್ನು ಕಟ್ಟುವವರಲ್ಲಿ ಉತ್ತರ ಕರ್ನಾಟಕದಿಂದ ದುಡಿಯಲು ಬಂದ ಕುಟುಂಬಗಳೂ ಇವೆ. ಈ ಎರಡು ಬಗೆಯ ಮನೆಗಳ ಹೆಣ್ಣುಮಕ್ಕಳೂ ತಾಯಿಯಿಂದ, ಅತ್ತೆಯಿಂದ, ಊರಿನ ಅಂಗನವಾಡಿಯಿಂದ ದೂರವಿದ್ದಾರೆ. ಒಬ್ಬಳಿಗೆ ವೈದ್ಯರು ಇಂಗ್ಲಿಷಿನಲ್ಲಿ ಹೇಳುತ್ತಾರೆ, ಇನ್ನೊಬ್ಬಳಿಗೆ ಮರಾಠಿಯಲ್ಲಿ. ಇಬ್ಬರಿಗೂ ಹೇಳುವುದು ತಡವಾಗಿಯೇ.

ತಡ ಎಂದರೆ ಎಷ್ಟು ತಡ ಎಂಬುದು ಅರ್ಥವಾಗಬೇಕಾದರೆ ಭ್ರೂಣದಲ್ಲಿ ನರವ್ಯೂಹ ಹೇಗೆ ಮೂಡುತ್ತದೆ ಎಂಬುದನ್ನು ತಿಳಿಯಬೇಕು. ಮೀನು, ಕಪ್ಪೆ, ಕೋಳಿ, ಮನುಷ್ಯ, ಹೀಗೆ ಬೆನ್ನೆಲುಬುಳ್ಳ ಪ್ರಾಣಿಗಳಲ್ಲೆಲ್ಲ ಈ ಕಥೆಯ ಹಂದರ ಒಂದೇ. ಆರಂಭದ ಭ್ರೂಣವು ಜೀವಕೋಶಗಳ ಮೂರು ಪದರಗಳಾಗಿ ಏರ್ಪಡುತ್ತದೆ. ಒಳಪದರದಿಂದ ಕರುಳು ಮುಂತಾದವು, ನಡುಪದರದಿಂದ ಎಲುಬು, ಸ್ನಾಯು, ರಕ್ತ, ಹೊರಪದರದಿಂದ ಚರ್ಮ ಆಗುತ್ತವೆ. ಮಿದುಳು ಬರುವುದೂ ಈ ಹೊರಪದರದಿಂದಲೇ. ನಮ್ಮನ್ನು ಹೊರಜಗತ್ತಿನಿಂದ ಬೇರ್ಪಡಿಸುವ ಚರ್ಮವೂ ಆ ಜಗತ್ತನ್ನು ಒಳಗೆ ತಂದುಕೊಳ್ಳುವ ಮಿದುಳೂ ಒಡಹುಟ್ಟಿದವು. ಹೊರಪದರದ ನಡುಭಾಗವು ಮೊದಲು ದಪ್ಪಗಾಗಿ ಒಂದು ಹಲಗೆಯಂತಾಗುತ್ತದೆ; ಇದನ್ನು ನರಫಲಕ ಎನ್ನೋಣ. ಹಲಗೆಯ ನಡುವೆ ಉದ್ದಕ್ಕೂ ಒಂದು ತೋಡು ಬೀಳುತ್ತದೆ, ಎರಡು ಅಂಚುಗಳು ಮೇಲಕ್ಕೆ ಮಡಚಿಕೊಳ್ಳುತ್ತವೆ, ಮಡಿಕೆಗಳು ಬಾಗಿ ಬಾಗಿ ಒಂದನ್ನೊಂದು ಮುಟ್ಟಿ ಬೆಸೆದುಕೊಳ್ಳುತ್ತವೆ. ಹಲಗೆ ಈಗ ನಾಳವಾಯಿತು. ಚರ್ಮವಾಗಲಿರುವ ಪದರವು ಅದರ ಮೇಲೆ ಮುಚ್ಚಿಕೊಂಡು ನಾಳವು ಒಳಗೆ ಉಳಿಯುತ್ತದೆ. ಈ ನರನಾಳದ ಮುಂದಿನ ತುದಿ ಉಬ್ಬಿ ಮಿದುಳಾಗುತ್ತದೆ, ಹಿಂದಿನ ಉದ್ದವೆಲ್ಲ ಬೆನ್ನುಹುರಿಯಾಗುತ್ತದೆ. ಬೆಸುಗೆಯ ಅಂಚಿನಿಂದ ಕಳಚಿಕೊಂಡ ಕೆಲವು ಕೋಶಗಳು ದೇಹದೊಳಗೆ ದೂರದೂರ ವಲಸೆ ಹೋಗಿ ಬೆನ್ನುಹುರಿಯ ಹೊರಗಿನ ನರಗಳ ಬಹುಭಾಗ, ಚರ್ಮದ ಬಣ್ಣದ ಕೋಶಗಳು, ಮುಖದ ಎಲುಬುಗಳು ಆಗುತ್ತವೆ.

ಹೊರಪದರದ ಒಂದು ಭಾಗ ಮಾತ್ರ ಏಕೆ ನರವಾಗಬೇಕು? 1924ರಲ್ಲಿ ಜರ್ಮನಿಯ ಫ್ರೈಬುರ್ಗಿನ ಹಾನ್ಸ್ ಸ್ಪೇಮಾನ್ ಮತ್ತು ಅವರ ಶಿಷ್ಯೆ ಹಿಲ್ಡೆ ಮಾಂಗೋಲ್ಡ್ ಈ ಪ್ರಶ್ನೆಗೆ ಉತ್ತರದ ಬಾಗಿಲು ತೆರೆದರು. ಹಿಲ್ಡೆ ಅವರು ನ್ಯೂಟ್ ಎಂಬ ಬಾಲವುಳ್ಳ ಉಭಯವಾಸಿಯ ಭ್ರೂಣದಿಂದ ಒಂದು ಸಣ್ಣ ತುಣುಕನ್ನು ತೆಗೆದು ಇನ್ನೊಂದು ಭ್ರೂಣದ ಹೊಟ್ಟೆಯ ಕಡೆಗೆ ಕಸಿ ಮಾಡಿದರು. ಅಲ್ಲಿ ಎರಡನೆಯ ನರನಾಳವೊಂದು, ಅದರೊಂದಿಗೆ ಹೆಚ್ಚುಕಡಿಮೆ ಎರಡನೆಯ ದೇಹವೇ ಮೂಡಿತು. ಆ ಎರಡನೆಯ ನರನಾಳ ಬಹುಮಟ್ಟಿಗೆ ಕಸಿಮಾಡಿದ ತುಣುಕಿನ ಕೋಶಗಳಿಂದ ಆಗಿರಲಿಲ್ಲ, ಆತಿಥ್ಯ ಕೊಟ್ಟ ಭ್ರೂಣದ ಕೋಶಗಳಿಂದ ಆಗಿತ್ತು. ಅಂದರೆ ತುಣುಕು ತನ್ನ ನೆರೆಯ ಕೋಶಗಳ ಹಣೆಬರಹವನ್ನು ಬದಲಿಸಿತ್ತು. ಅದನ್ನು ಅವರು ಸಂಘಟಕ ಎಂದು ಕರೆದರು. ಪ್ರಬಂಧ ಪ್ರಕಟವಾದ ವರ್ಷವೇ ಹಿಲ್ಡೆ ಮನೆಯ ಒಲೆಯ ಅವಘಡದಲ್ಲಿ ಸುಟ್ಟು ತೀರಿಕೊಂಡರು. ಆಗ ಅವರಿಗೆ 25 ವರ್ಷ, ಮಡಿಲಲ್ಲಿ ಕೂಸಿತ್ತು. ಸ್ಪೇಮಾನ್ ಅವರಿಗೆ 1935ರಲ್ಲಿ ನೊಬೆಲ್ ಬಂತು.

ಸಂಘಟಕವು ನೆರೆಯ ಕೋಶಗಳಿಗೆ ಏನು ಹೇಳುತ್ತದೆ ಎಂಬುದು 1990ರ ದಶಕದವರೆಗೆ ಗೂಢವಾಗಿಯೇ ಇತ್ತು. ನಾಗಿನ್, ಕಾರ್ಡಿನ್ ಎಂಬ ಪ್ರೋಟೀನುಗಳು ಸಿಕ್ಕ ಮೇಲೆ ತಿಳಿದದ್ದು ಅನಿರೀಕ್ಷಿತವಾಗಿತ್ತು. ಕಪ್ಪೆಯ ಹೊರಪದರದ ಕೋಶಗಳಿಗೆ 'ಚರ್ಮವಾಗು' ಎಂಬ ಸಂದೇಶ ಸುತ್ತಲಿಂದ ಸದಾ ಬರುತ್ತಿರುತ್ತದೆ. ಸಂಘಟಕವು ಕಳಿಸುವ ಪ್ರೋಟೀನುಗಳು ಆ ಸಂದೇಶವನ್ನು ದಾರಿಯಲ್ಲೇ ತಡೆಯುತ್ತವೆ. ಒತ್ತಾಯ ತಪ್ಪಿದ ಕೋಶ ತನ್ನ ಒಲವಿನಂತೆ ನರದ ದಾರಿ ಹಿಡಿಯುತ್ತದೆ. ಕೋಳಿಯ ಭ್ರೂಣದಲ್ಲಿ ಈ ತಡೆಯೊಂದೇ ಸಾಲದು, ಬೇರೆ ಸಂಕೇತಗಳೂ ಅದಕ್ಕೆ ಮೊದಲೇ ಬರಬೇಕು ಎಂದು ಮುಂದಿನ ಪ್ರಯೋಗಗಳು ತೋರಿಸಿದವು.

ಈ ವಿಚಾರಣೆಯಲ್ಲಿ ಪುಣೆಗೆ ತನ್ನದೇ ಪಾಲಿದೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಲೀಲಾ ಮುಳ್ಹೇರ್ಕರ್ ಅವರು 1950ರ ದಶಕದಲ್ಲಿ ಎಡಿನ್‌ಬರೋದಲ್ಲಿ ಸಿ. ಎಚ್. ವಾಡಿಂಗ್ಟನ್ ಅವರೊಂದಿಗೆ ಕೋಳಿಯ ಭ್ರೂಣದಲ್ಲಿ ಈ ಪ್ರೇರಣೆಯ ಕುರಿತು ಕೆಲಸ ಮಾಡಿದರು. 1957ರಲ್ಲಿ ಇಬ್ಬರ ಹೆಸರಿನಲ್ಲಿ ಪ್ರಬಂಧ ಬಂತು. ಅನಂತರ ಪುಣೆ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಅವರು ಭ್ರೂಣಶಾಸ್ತ್ರದ ಒಂದು ಪರಂಪರೆಯನ್ನೇ ಬೆಳೆಸಿದರು. ಆಘಾರ್ಕರ್ ಸಂಶೋಧನ ಸಂಸ್ಥೆಯಲ್ಲಿ ಸುರೇಂದ್ರ ಘಾಸ್ಕಡ್ಬಿ ಅವರ ತಂಡ ಕೋಳಿಯ ಭ್ರೂಣಗಳ ಮೇಲೆ ಅದೇ ದಿಕ್ಕಿನ ಕೆಲಸ ಮಾಡಿತು. ಕೋಳಿಯ ಮೊಟ್ಟೆಗೆ ಈ ವಿದ್ಯೆಯಲ್ಲಿ ಇಷ್ಟು ಮರ್ಯಾದೆ ಏಕೆಂದರೆ ಅದರೊಳಗಿನದನ್ನು ಕಣ್ಣಾರೆ ನೋಡಬಹುದು. 1955ರಲ್ಲಿ ಡೆನಿಸ್ ನ್ಯೂ ಎಂಬವರು ಭ್ರೂಣವನ್ನು ಹಳದಿ ಭಂಡಾರದಿಂದ ಬಿಡಿಸಿ, ಗಾಜಿನ ಬಳೆಯೊಂದರ ಮೇಲೆ ಹರಡಿದ ಪೊರೆಯಲ್ಲಿ ಬೆಳೆಸುವ ಉಪಾಯ ಕಂಡುಹಿಡಿದರು. ಕಾವಿಗಿಟ್ಟ ಒಂದು ದಿನದ ಸುಮಾರಿಗೆ ನರಫಲಕ ಮಡಚಲಾರಂಭಿಸುತ್ತದೆ. ಒಂದೂವರೆ ದಿನವಾಗುವಷ್ಟರಲ್ಲಿ ನಾಳ ಬಹುಪಾಲು ಮುಚ್ಚಿಕೊಂಡು ಹೃದಯ ಮಿಡಿಯತೊಡಗುತ್ತದೆ. ಮರಿ ಹೊರಬರಲು ಬೇಕಾದ ದಿನಗಳು 21.

ಮನುಷ್ಯರಲ್ಲಿಯೂ ಲೆಕ್ಕ ಹೀಗೆಯೇ ಮುಂಚಿತವಾದದ್ದು. ಗರ್ಭ ಕಟ್ಟಿದ ಮೂರನೆಯ ವಾರದಲ್ಲಿ ನರಫಲಕ ಕಾಣಿಸಿಕೊಳ್ಳುತ್ತದೆ. 22ನೆಯ ದಿನದ ಸುಮಾರಿಗೆ ಕತ್ತಿನ ಭಾಗದಲ್ಲಿ ಮೊದಲ ಬೆಸುಗೆ ಬೀಳುತ್ತದೆ, ಅಲ್ಲಿಂದ ಎರಡೂ ಕಡೆಗೆ ಮುಚ್ಚಿಕೊಳ್ಳುತ್ತ ಸಾಗುತ್ತದೆ. ತಲೆಯ ಕಡೆಯ ತುದಿ 25–26ನೆಯ ದಿನಕ್ಕೆ, ಬಾಲದ ಕಡೆಯ ತುದಿ 28ನೆಯ ದಿನದೊಳಗೆ ಮುಚ್ಚುತ್ತವೆ. ಆಗ ಇಡೀ ಭ್ರೂಣ ಒಂದು ಅಕ್ಕಿಕಾಳಿನಷ್ಟು ಉದ್ದವಿಲ್ಲ. ತಲೆಯ ಕಡೆ ಮುಚ್ಚದಿದ್ದರೆ ಮಿದುಳು, ತಲೆಬುರುಡೆ ಬೆಳೆಯುವುದಿಲ್ಲ, ಅಂಥ ಕೂಸು ಉಳಿಯುವುದಿಲ್ಲ. ಬೆನ್ನಿನ ಕಡೆ ಮುಚ್ಚದಿದ್ದರೆ ಬೆನ್ನುಹುರಿ ತೆರೆದೇ ಉಳಿದು, ಸ್ಪೈನಾ ಬೈಫಿಡಾ ಎಂದು ವೈದ್ಯರು ಕರೆಯುವ ಸ್ಥಿತಿಯಲ್ಲಿ ಮಗು ಹುಟ್ಟುತ್ತದೆ. ಶಸ್ತ್ರಚಿಕಿತ್ಸೆ ಬೆನ್ನಿನ ಗಾಯವನ್ನು ಮುಚ್ಚಬಲ್ಲದು. ಆದರೆ ಕಾಲುಗಳ ಬಲ, ಮಲಮೂತ್ರಗಳ ಹಿಡಿತ ಅನೇಕ ಮಕ್ಕಳಿಗೆ ಪೂರ್ತಿಯಾಗಿ ದಕ್ಕುವುದಿಲ್ಲ.

ಈಗ ಮನೆಯ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. ಮುಟ್ಟು ತಪ್ಪಿತು ಎಂದು ತಿಳಿಯುವುದು ಗರ್ಭ ಕಟ್ಟಿದ ಸುಮಾರು 14 ದಿನಗಳ ಮೇಲೆ. ಒಂದು ವಾರ ಕಾದು ನೋಡೋಣ ಎನ್ನುವುದು ಸಹಜ. ಅಷ್ಟರಲ್ಲಿ 21 ದಿನ. ಗಂಡನಿಗೆ ಹೇಳಿ, ಪರೀಕ್ಷೆ ಮಾಡಿಕೊಂಡು, ರಜೆ ಹೊಂದಿಸಿ ವೈದ್ಯರಲ್ಲಿಗೆ ಹೋಗುವಷ್ಟರಲ್ಲಿ ಇನ್ನೆರಡು ವಾರ. ಅವರು ಮಾತ್ರೆ ಬರೆದುಕೊಡುವ ದಿನ ಆ ಮಾತ್ರೆ ಕಾಯಬೇಕಾಗಿದ್ದ ನಾಳದ ಕೆಲಸ ಮುಗಿದಿದೆ. ಮೂರು ತಿಂಗಳು ತುಂಬುವವರೆಗೆ ಹೊರಗೆ ಬಾಯಿಬಿಡಬಾರದು ಎಂಬ ನಮ್ಮ ರೂಢಿಗೆ ತನ್ನದೇ ಅರ್ಥವಿದೆ, ಆರಂಭದಲ್ಲಿ ಇಳಿದುಹೋಗುವ ಬಸಿರಿನ ದುಃಖದಿಂದ ಅದು ಹುಟ್ಟಿರಬೇಕು. ಆದರೆ ಆ ಮೌನದ ಪೂರ್ವಾರ್ಧದಲ್ಲಿಯೇ ನರವ್ಯೂಹದ ಮೊದಲ ಅಧ್ಯಾಯ ಮುಗಿಯುತ್ತದೆ ಎಂಬುದು ನಮ್ಮ ಮನಸ್ಸಿನಲ್ಲಿ ಇಳಿಯಬೇಕು.

ಇದಕ್ಕೆ ಮದ್ದಿನ ಕಥೆಯೂ ನಮ್ಮ ನೆಲದ ಹತ್ತಿರದ್ದೇ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದು ಬಸಿರಿಯರ, ಮುಖ್ಯವಾಗಿ ಬಟ್ಟೆಗಿರಣಿಯ ಬಡ ಹೆಂಗಸರ ರಕ್ತಹೀನತೆಯನ್ನು ಅಭ್ಯಸಿಸಿದರು. ಯೀಸ್ಟಿನ ಸಾರದಿಂದ ಅದು ಗುಣವಾಗುತ್ತದೆ ಎಂದು 1931ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿದ್ದದ್ದು ಮುಂದೆ ಫೋಲಿಕ್ ಆಮ್ಲ ಎಂದು ಹೆಸರಾಯಿತು. ಎಲೆಯನ್ನು ಸೂಚಿಸುವ ಲ್ಯಾಟಿನ್ ಪದದಿಂದ ಬಂದ ಹೆಸರದು, 1941ರಲ್ಲಿ ಅದನ್ನು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದ್ದರು. ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ ಅಮೆರಿಕದ ತಂಡದ ಮುಂದಾಳು ನಮ್ಮ ನೆರೆಯ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್. ನರನಾಳದ ದೋಷಕ್ಕೂ ಈ ಜೀವಸತ್ವಕ್ಕೂ ನಂಟಿದೆ ಎಂಬ ಸಂದೇಹ 1960ರ ದಶಕದಲ್ಲಿ ಹುಟ್ಟಿತು. 1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನ ಮಂಡಳಿಯ ಪ್ರಯೋಗ ಅದನ್ನು ಇತ್ಯರ್ಥಗೊಳಿಸಿತು. 7 ದೇಶಗಳ 33 ಕೇಂದ್ರಗಳಲ್ಲಿ, ಹಿಂದೆ ಇಂಥ ಬಸಿರನ್ನು ಕಂಡಿದ್ದ ತಾಯಂದಿರಿಗೆ ಗರ್ಭ ಕಟ್ಟುವ ಮೊದಲಿನಿಂದಲೇ ಫೋಲಿಕ್ ಆಮ್ಲ ಕೊಟ್ಟಾಗ, ದೋಷ ಮರುಕಳಿಸುವುದು 72 ಪ್ರತಿಶತ ಕಡಿಮೆಯಾಯಿತು. ಕೋಶಗಳು ಬೇಗಬೇಗನೆ ಇಬ್ಭಾಗವಾಗುತ್ತ ಮಡಚಿಕೊಳ್ಳುತ್ತಿರುವಾಗ ವಂಶತಂತುವಿನ ನಕಲು ತೆಗೆಯಲು ಈ ಜೀವಸತ್ವ ಬೇಕು.

ಪುಣೆಯ ಅಧ್ಯಯನಗಳು ಇದಕ್ಕೆ ಇನ್ನೊಂದು ಮುಖ್ಯ ಮಾತು ಸೇರಿಸಿವೆ. ಕೆ.ಇ.ಎಂ. ಆಸ್ಪತ್ರೆಯ ಚಿತ್ತರಂಜನ್ ಯಾಜ್ನಿಕ್ ಮತ್ತು ಸಂಗಡಿಗರು 1993ರಲ್ಲಿ ಪುಣೆಯ ಬಳಿಯ 6 ಹಳ್ಳಿಗಳಲ್ಲಿ ತಾಯಂದಿರ ಪೋಷಣೆಯ ಅಧ್ಯಯನ ಆರಂಭಿಸಿದರು. ಬಸಿರಾಗುವ ಮೊದಲೇ ಹೆಂಗಸರನ್ನು ಗುರುತಿಸಿ ಹಿಂಬಾಲಿಸಿದ್ದು ಅದರ ಹಿರಿಮೆ. ಸುಮಾರು ಮೂರರಲ್ಲಿ ಎರಡು ಪಾಲು ತಾಯಂದಿರಲ್ಲಿ ಬಿ-12 ಜೀವಸತ್ವ ಕಡಿಮೆಯಿತ್ತು. ಫೋಲೇಟಿನ ಕೊರತೆ ಮಾತ್ರ ವಿರಳ. ಕೌಮುದಿ ಗೋಡಬೋಲೆ, ಯಾಜ್ನಿಕ್ ಮೊದಲಾದವರು 2011ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ನರನಾಳ ದೋಷದ ಮಕ್ಕಳನ್ನು ಹೆತ್ತ ತಾಯಂದಿರ ರಕ್ತದಲ್ಲಿ ಕೋಶಗಳನ್ನು ತಲುಪಬಲ್ಲ ರೂಪದ ಬಿ-12 ಕಡಿಮೆ ಇದ್ದದ್ದು ಕಂಡಿತು. ಫೋಲೇಟ್ ದೇಹದಲ್ಲಿ ಕೆಲಸಕ್ಕೆ ಬರಬೇಕಾದರೆ ಬಿ-12 ಜೊತೆಗಿರಬೇಕು. ಅದು ಸೊಪ್ಪು, ಕಾಳುಗಳಲ್ಲಿ ಇಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿದೆ. ಸಸ್ಯಾಹಾರಿ ಮನೆಗಳಲ್ಲಿ ಹಾಲು ಮೊಸರುಗಳೇ ಇದಕ್ಕೆ ಆಧಾರ. ಗಟ್ಟಿಮೊಸರು ಗಂಡಸರ ತಟ್ಟೆಗೂ ನೀರುಮಜ್ಜಿಗೆ ಸೊಸೆಯ ಲೋಟಕ್ಕೂ ಹೋಗುವ ಪಂಕ್ತಿಭೇದ ನಮ್ಮ ಎಷ್ಟೋ ಅಡುಗೆಮನೆಗಳಲ್ಲಿ ಇನ್ನೂ ಅಳಿದಿಲ್ಲ. ಭ್ರೂಣಶಾಸ್ತ್ರದ ಪಾಠ ಅಲ್ಲಿಯವರೆಗೂ ಬರುತ್ತದೆ.

ಸರಕಾರದ ಕಾಗದದಲ್ಲಿ ಇದೆಲ್ಲ ಇಲ್ಲವೆಂದಲ್ಲ. 2018ರ ಅನೀಮಿಯಾ ಮುಕ್ತ ಭಾರತ ಯೋಜನೆ ಹರೆಯದ ಹುಡುಗಿಯರಿಗೂ ಹೆರುವ ವಯಸ್ಸಿನ ಹೆಂಗಸರಿಗೂ ವಾರಕ್ಕೊಂದು ಕಬ್ಬಿಣ–ಫೋಲಿಕ್ ಮಾತ್ರೆಯನ್ನು, ಮಗು ಬಯಸುವವರಿಗೆ ಗರ್ಭ ಕಟ್ಟುವ ಮೊದಲಿನಿಂದ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನು ಹೇಳುತ್ತದೆ. ಅದೇ ವರ್ಷದ ಆಹಾರ ನಿಯಮಗಳು ಗೋಧಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ-12 ಬೆರೆಸುವ ಅಳತೆಯನ್ನು ಗೊತ್ತುಮಾಡಿದವು, ಆದರೆ ಬೆರೆಸುವುದು ಗಿರಣಿಯವರ ಇಷ್ಟ. ಅಮೆರಿಕ 1998ರಿಂದ, ಚಿಲಿ 2000ದಿಂದ ಇದನ್ನು ಕಡ್ಡಾಯ ಮಾಡಿದ ಮೇಲೆ ಅಲ್ಲಿ ಈ ದೋಷಗಳು ಗಣನೀಯವಾಗಿ ತಗ್ಗಿದವು. ಕಡ್ಡಾಯ ಮಾಡಿದರೂ ನಮ್ಮವರ ಸಮಸ್ಯೆ ಪೂರ್ತಿ ತೀರದು. ಜೋಳದ ರೊಟ್ಟಿ ಉಣ್ಣುವ ಮನೆ ಊರಿನಿಂದ ಜೋಳ ತಂದು ಓಣಿಯ ಗಿರಣಿಯಲ್ಲಿ ಹಿಟ್ಟು ಮಾಡಿಸುತ್ತದೆ. ಆ ಹಿಟ್ಟಿಗೆ ಯಾವ ಕಾರ್ಖಾನೆಯೂ ಏನನ್ನೂ ಬೆರೆಸುವುದಿಲ್ಲ. ಶಾಲೆಯಲ್ಲಿ ಹಂಚುವ ಮಾತ್ರೆ ಶಾಲೆ ಬಿಟ್ಟವಳಿಗೆ ಸಿಗದು, ಅಂಗನವಾಡಿಯ ಮಾತ್ರೆ ಹಿಂಜವಡಿಯ ಕಂಪನಿಗೆ ಹೋಗುವವಳ ಮನೆಗೆ ಬಾರದು, ಕಟ್ಟಡದ ಕೆಲಸಕ್ಕೆ ಊರೂರು ತಿರುಗುವವಳ ಹೆಸರು ಯಾವ ಊರಿನ ಪುಸ್ತಕದಲ್ಲಿಯೂ ನಿಲ್ಲದು. ಇಂಥವರನ್ನು ತಲುಪಬಲ್ಲದ್ದು ಮೊದಲು ಮಾತು, ಅದೂ ಅವರ ಮಾತು.

ಇದಕ್ಕೆ ಆಕ್ಷೇಪಗಳಿವೆ. ನಮ್ಮ ಅಜ್ಜಿಯರು ಯಾವ ಮಾತ್ರೆ ನುಂಗಿದ್ದರು ಎಂದು ಕೇಳುವವರಿದ್ದಾರೆ. ಅಜ್ಜಿಯರು ಹೆತ್ತವರ ಲೆಕ್ಕವನ್ನೂ ಉಳಿದವರ ಲೆಕ್ಕವನ್ನೂ ಒಟ್ಟಿಗೆ ಕೇಳಿದರೆ ಉತ್ತರ ಅದರಲ್ಲೇ ಸಿಕ್ಕೀತು. ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು. ಪ್ರತಿಯೊಬ್ಬ ಹೆಣ್ಣುಮಗಳನ್ನೂ ಮುಂದಿನ ಬಸಿರಿನ ಪಾತ್ರೆ ಎಂಬಂತೆ ಕಾಣುವುದು, ಮದುವೆಯಾದ ಮರುದಿನದಿಂದ ಅವಳ ತಟ್ಟೆಯನ್ನು ಕಾಯುವುದು ಅನ್ಯಾಯವಲ್ಲವೇ? ಅನ್ಯಾಯವೇ ಸರಿ. ಅದಕ್ಕೆಂದೇ ಈ ಪೋಷಣೆ ಮೊದಲು ಅವಳದ್ದು, ಅವಳ ರಕ್ತದ್ದು, ಅವಳ ನರಗಳದ್ದು ಎಂದು ಹೇಳಬೇಕಾಗಿದೆ. ಬಿ-12 ಕೊರತೆಯಿಂದ ಕೈಕಾಲು ಜುಮುಗುಡುವುದು, ದಣಿವು, ಮರೆವು ಹೆರದವಳಿಗೂ ಬರುತ್ತವೆ. ಅವಳು ಹೆರುವಳೋ ಇಲ್ಲವೋ ಎಂಬುದು ಅವಳ ನಿರ್ಧಾರ. ಹೆರಲು ನಿರ್ಧರಿಸಿದವಳಿಗೆ ತಕ್ಕ ಹೊತ್ತಿಗೆ ತಿಳಿವಳಿಕೆ ಸಿಗಬೇಕು ಎಂಬುದಷ್ಟೇ ನಮ್ಮ ವಾದ.

ದೋಷವಿರುವ ಮಗು ಹುಟ್ಟಿದ ಮನೆಯ ಕುರಿತೂ ಒಂದು ಮಾತು ಹೇಳಲೇಬೇಕು. ಗ್ರಹಣದಲ್ಲಿ ತರಕಾರಿ ಹೆಚ್ಚಿದಳು, ಹೊತ್ತಲ್ಲದ ಹೊತ್ತಿನಲ್ಲಿ ಹೊರಗೆ ಹೋದಳು ಎಂದು ತಾಯಿಯನ್ನು ಚುಚ್ಚುವ ನಾಲಗೆಗಳು ನಮ್ಮಲ್ಲಿ ಬಹಳ. ಆರನೆಯ ತಿಂಗಳಲ್ಲಿ ಬಂದ ಗ್ರಹಣಕ್ಕೂ ಮೊದಲ ತಿಂಗಳಲ್ಲೇ ಮುಗಿದುಹೋದ ಬೆಸುಗೆಗೂ ಯಾವ ಸಂಬಂಧವೂ ಇರಲಾರದು. ಅದೇ ಎಚ್ಚರಿಕೆಯನ್ನು ವಿಜ್ಞಾನದ ಹೆಸರಿನಲ್ಲಿ ಚುಚ್ಚುವವರಿಗೂ ಹೇಳುತ್ತೇವೆ. ಮಾತ್ರೆ ತಪ್ಪದೆ ನುಂಗಿದವಳ ಮಗುವಿಗೂ ಈ ದೋಷ ಬರಬಹುದು. ವಂಶವಾಹಿಗಳು, ತಾಯಿಯ ಸಕ್ಕರೆ ಕಾಯಿಲೆ, ಮೂರ್ಛೆರೋಗಕ್ಕೆ ಕೊಡುವ ವಾಲ್ಪ್ರೋಯೇಟಿನಂಥ ಔಷಧಿ ಕೂಡ ಕಾರಣವಾಗುತ್ತವೆ. ನಾಳ ಮುಚ್ಚದ ಭ್ರೂಣದ ಹೊಣೆಯನ್ನು ಯಾವ ಒಬ್ಬ ಹೆಂಗಸಿನ ತಲೆಗೂ ಕಟ್ಟಲಾಗದು. ಹೊಣೆ ಇರುವುದು ತಿಳಿದೂ ತಿಳಿಸದವರ ಮೇಲೆ.

ಕನ್ನಡಕ್ಕೆ ಈ ಕೆಲಸ ಹೊಸದೇನೂ ಅಲ್ಲ. ಶಿವರಾಮ ಕಾರಂತರು ವಿಜ್ಞಾನವನ್ನು ಸಂಪುಟಗಳಲ್ಲಿ ಕನ್ನಡಿಗರ ಮನೆಗೆ ತಂದರು. 'ಹಸುರು ಹೊನ್ನು' ಬರೆದ ಬಿ. ಜಿ. ಎಲ್. ಸ್ವಾಮಿಯವರು ಸಸ್ಯಗಳ ಭ್ರೂಣಶಾಸ್ತ್ರವನ್ನು ಬಲ್ಲ ವಿಜ್ಞಾನಿ. ಸೂಕ್ಷ್ಮದರ್ಶಕದ ಕಣ್ಣಿಗೂ ಹಾಸ್ಯದ ಗದ್ಯಕ್ಕೂ ಹಗೆಯಿಲ್ಲ ಎಂದು ತೋರಿಸಿಕೊಟ್ಟವರು. ಎಲ್ಲಕ್ಕಿಂತ ಹೆಚ್ಚಾಗಿ, ವೈದ್ಯೆಯೂ ಕಾದಂಬರಿಕಾರ್ತಿಯೂ ಆದ ಅನುಪಮಾ ನಿರಂಜನ ಅವರು 'ತಾಯಿ ಮಗು', 'ವಧುವಿಗೆ ಕಿವಿಮಾತು', 'ದಾಂಪತ್ಯ ದೀಪಿಕೆ' ಬರೆದರು. ತಾಯಿಯೊಡನೆಯೂ ಆಡಲು ಸಂಕೋಚಪಡುವ ಮಾತುಗಳನ್ನು ಒಂದು ತಲೆಮಾರಿನ ಹೆಣ್ಣುಮಕ್ಕಳು ಆ ಪುಸ್ತಕಗಳಲ್ಲಿ ಓದಿಕೊಂಡರು. ಅವರು ತೀರಿಕೊಂಡದ್ದು 1991ರಲ್ಲಿ, ಮೇಲೆ ಹೇಳಿದ ಬ್ರಿಟನ್ನಿನ ಪ್ರಯೋಗದ ಫಲಿತಾಂಶ ಹೊರಬಿದ್ದ ವರ್ಷದಲ್ಲೇ. ಆ ಸುದ್ದಿಯನ್ನು ಕಿವಿಮಾತಾಗಿ ದಾಟಿಸುವ ಕೆಲಸವನ್ನು ಅವರ ನಂತರದವರು ಮುಂದುವರಿಸಬೇಕಾಗಿತ್ತು.

ಆದ್ದರಿಂದ ನಮ್ಮ ಬಳಗದ ಮುಂದೆ ಮೂರು ಸಲಹೆಗಳನ್ನಿಡುತ್ತೇವೆ. ಮೊದಲನೆಯದು, ಎರಡು ಪುಟದ ಒಂದು ಕನ್ನಡ ಬರಹ: ನಾಳ ಹೇಗೆ ಮುಚ್ಚುತ್ತದೆ, ಎಂದು ಮುಚ್ಚುತ್ತದೆ, ಮಗು ಬೇಕೆಂದುಕೊಂಡವರು ವೈದ್ಯರನ್ನು ಎಷ್ಟು ಮುಂಚೆ ಕಾಣಬೇಕು, ಫೋಲಿಕ್ ಆಮ್ಲದ ಜೊತೆಗೆ ಬಿ-12 ಏಕೆ ಪರೀಕ್ಷಿಸಿಕೊಳ್ಳಬೇಕು, ಹಿಂದೆ ಇಂಥ ಬಸಿರು ಕಂಡವರಿಗೆ ಪ್ರಮಾಣ ಏಕೆ ಬೇರೆ ಎಂಬುದನ್ನು ಅದು ಹೇಳಬೇಕು. ವೈದ್ಯರೊಬ್ಬರು ಅದನ್ನು ತಿದ್ದಿಕೊಡಬೇಕು, ಧಾರವಾಡದ ಕಡೆಯ ಮಾತು ಅದರಲ್ಲಿ ಕೇಳಿಸಬೇಕು. ಎರಡನೆಯದು, ಅದನ್ನು ಬಾಯಲ್ಲಿ ಹೇಳುವುದು. ಕಟ್ಟಡದ ಕೆಲಸದ ತಾಣಗಳಲ್ಲಿ ಓದುಬಾರದ ಅಕ್ಕತಂಗಿಯರಿದ್ದಾರೆ, ಅವರಿಗೆ ಮುದ್ರಿತ ಹಾಳೆ ಸಾಲದು. ಮೂರನೆಯದು, ಗಂಡಸರಿಗೂ ಹೇಳುವುದು. ಮನೆಗೆ ಹಾಲು, ಮೊಟ್ಟೆ, ಮಾತ್ರೆ ತರುವ ದುಡ್ಡು ಎಷ್ಟೋ ಮನೆಗಳಲ್ಲಿ ಅವರ ಜೇಬಿನಲ್ಲಿದೆ.

ಸೀಮಂತದ ಆರತಿ ತಟ್ಟೆಯನ್ನು ಕೆಳಗಿಡಿ ಎಂದು ನಾವು ಹೇಳುತ್ತಿಲ್ಲ. ಆ ಪ್ರೀತಿಯನ್ನು ಎಂಟು ತಿಂಗಳು ಹಿಂದಕ್ಕೆ ಸರಿಸಿ, ಮದುವೆಯ ಉಡುಗೊರೆಯ ಜೊತೆಗೇ ಈ ಒಂದು ತಿಳಿವಳಿಕೆಯನ್ನೂ ಸೊಸೆಯ, ಮಗಳ ಕೈಗಿಡಿ ಎನ್ನುತ್ತಿದ್ದೇವೆ.